ಹಗ್ಗ ನೋಯಿಸುತ್ತೆ ಅಂತ ಅವನಿಗೆ ಹೇಗೆ ಗೊತ್ತಿತ್ತು?

ಈ ವಾರವೆಲ್ಲ ಒಂದೇ ಪ್ರಶ್ನೆ ತಲೆಯಲ್ಲಿ ಸುತ್ತುತ್ತಿದೆ. ಕೇಳಿದವನು 14 ವರ್ಷದ ಹುಡುಗ. ಜಾಗ ಅಟ್ಲಾಂಟಾದಲ್ಲಿ ಕಪ್ಪು ಅಮೆರಿಕನ್ನರ ಒಂದು ಚರ್ಚು. ಶನಿವಾರದ ಯೂತ್ ಕ್ಲಾಸ್.

ಬೈಬಲ್‌ನಲ್ಲಿ ಆಫ್ರಿಕಾದವರು ಎಲ್ಲೆಲ್ಲಿದ್ದಾರೆ ಅಂತ ಈ ಬೇಸಿಗೆಯಲ್ಲಿ ಮಕ್ಕಳಿಗೆ ಹೇಳಿಕೊಡುತ್ತಿದ್ದಾರೆ. ಜೊತೆಗೆ ತಿಂಡಿ, ಹೋಮ್‌ವರ್ಕ್, ದೊಡ್ಡ ಮಕ್ಕಳಿಗೆ ಕೆಲಸದ ಅರ್ಜಿ ಬರೆಯುವುದು, ಎಲ್ಲ ಇದೆ. ನಾನು ಕೈಲಾದ ಸಹಾಯ ಮಾಡುತ್ತೇನೆ.

ಆವತ್ತಿನ ಪಾಠ ಯೆರೆಮೀಯನ ಪುಸ್ತಕದ 38ನೇ ಅಧ್ಯಾಯ. ಬಾಬೆಲಿನ ಸೈನ್ಯ ಯೆರೂಸಲೇಮಿಗೆ ಮುತ್ತಿಗೆ ಹಾಕಿದೆ. ಶರಣಾದರೆ ಬದುಕುತ್ತೀರಿ ಅಂತ ಪ್ರವಾದಿ ಯೆರೆಮೀಯ ಹೇಳುತ್ತಾನೆ. ಊರಿನ ದೊಡ್ಡವರಿಗೆ ಸಿಟ್ಟು ಬಂದು ಅವನನ್ನು ನೀರಿಲ್ಲದ ಬಾವಿಗೆ ಇಳಿಸಿಬಿಡುತ್ತಾರೆ. ಒಳಗೆ ಬರೀ ಕೆಸರು. ಅರಸ ಚಿದ್ಕೀಯ ಸುಮ್ಮನಿದ್ದಾನೆ. ಆಗ ಅರಮನೆಯಲ್ಲಿ ಕೆಲಸಕ್ಕಿದ್ದ ಒಬ್ಬ ಕೂಷ್ಯ ಅರಸನ ಮುಂದೆ ಹೋಗಿ ನಿಂತು, ಇವರು ಮಾಡಿದ್ದು ಅನ್ಯಾಯ, ಅವನು ಅಲ್ಲೇ ಹಸಿವಿನಿಂದ ಸಾಯುತ್ತಾನೆ ಅಂತ ನೇರವಾಗಿ ಹೇಳುತ್ತಾನೆ. ಅವನ ಹೆಸರು ಎಬೆದ್ಮೆಲೆಕ. ಕೂಷ್ ಅಂದರೆ ಈಜಿಪ್ಟಿನ ದಕ್ಷಿಣಕ್ಕೆ ನೈಲ್ ನದಿಯ ನಾಡು, ಇವತ್ತಿನ ಸುಡಾನ್ ಕಡೆ. 30 ಜನರನ್ನು ಕರೆದುಕೊಂಡು ಹೋಗಿ ಅವನನ್ನು ಎತ್ತಿಸು ಅಂತ ಅರಸ ಅಪ್ಪಣೆ ಕೊಡುತ್ತಾನೆ.

ಎಬೆದ್ಮೆಲೆಕ ಸೀದಾ ಬಾವಿಗೆ ಹೋಗುವುದಿಲ್ಲ. ಮೊದಲು ಅರಮನೆಯ ಉಗ್ರಾಣದ ಕೆಳಗಿನ ಕೋಣೆಗೆ ಹೋಗಿ ಹಳೇ ಬಟ್ಟೆ, ಹರಕಲು ಚಿಂದಿ ಎತ್ತಿಕೊಳ್ಳುತ್ತಾನೆ. ಅವನ್ನು ಹಗ್ಗದಲ್ಲಿ ಕೆಳಗೆ ಬಿಟ್ಟು, ಕಂಕುಳಿಗೆ ಇಟ್ಟುಕೊಂಡು ಅದರ ಮೇಲೆ ಹಗ್ಗ ಹಾಕಿಕೋ ಅನ್ನುತ್ತಾನೆ.

ನಮ್ಮ ಟೀಚರಿಗೆ ಎಪ್ಪತ್ತು ದಾಟಿದೆ. ಶಾಲೆಯಲ್ಲಿ ಪಾಠ ಮಾಡಿ ರಿಟೈರ್ ಆದವರು. ಅವರೆದುರು 'ಯೆಸ್ ಮ್ಯಾಮ್' ಇಲ್ಲದೆ ಯಾವ ಮಗುವೂ ಬಾಯಿ ತೆಗೆಯುವುದಿಲ್ಲ. ಆವತ್ತು ಚೀಲದಲ್ಲಿ ಒಂದು ಸುತ್ತು ಹಗ್ಗ, ಎರಡು ಹಳೇ ಟವೆಲ್ ತಂದಿದ್ದರು. ಹಿಂದಿನ ಸಾಲಿನಲ್ಲಿ ಕೂರುವ, ಅಷ್ಟಾಗಿ ಮಾತಾಡದ ಹುಡುಗನನ್ನು ಮುಂದೆ ಕರೆದರು. ಟೀಶರ್ಟ್ ಮೇಲೆ ಕಂಕುಳ ಕೆಳಗೆ ಹಗ್ಗ ಸುತ್ತಿಸಿದರು. ಇಬ್ಬರು ಮಕ್ಕಳು ಹಿಂದಿನಿಂದ ಸ್ವಲ್ಪವೇ ಎಳೆದರು. ಅವನ ಭುಜ ಎರಡೂ ಕಿವಿಯ ಹತ್ತಿರ ಬಂದವು. ಮುಖ ಕಿವುಚಿದ. ಆಮೇಲೆ ಟವೆಲ್ ಮಡಚಿ ಎರಡೂ ಕಡೆ ಇಟ್ಟು ಮತ್ತೆ ಎಳೆಸಿದರು. ಈ ಸಲ ಅವನು ಸುಮ್ನೆ ನಿಂತಿದ್ದ. ಹಗ್ಗ ಬಿಚ್ಚಿದ ಮೇಲೆ ಕಂಕುಳು ಉಜ್ಜಿಕೊಳ್ಳುತ್ತಾ ಕೇಳಿದ.

"ಮ್ಯಾಮ್, ಹಗ್ಗ ನೋಯಿಸುತ್ತೆ ಅಂತ ಅವನಿಗೆ ಹೇಗೆ ಗೊತ್ತಿತ್ತು?"

ಟೀಚರ್ ತಕ್ಷಣ ಉತ್ತರ ಕೊಡಲಿಲ್ಲ. ಹಗ್ಗ ಸುತ್ತಿ ಮೇಜಿನ ಮೇಲೆ ಇಟ್ಟರು.

"ನೋಡಿರ್ತಾನೆ, ಮಗಾ. ಇಲ್ಲಾ ಅವನ ಮೈಮೇಲೇ ಬಿದ್ದಿರುತ್ತೆ."

ಅಷ್ಟೇ. ಮುಂದಿನ ವಚನ ಓದಿ ಅಂದರು. ಆದರೆ ದೊಡ್ಡ ಮಕ್ಕಳು ಯಾರೂ ಪುಟ ತಿರುಗಿಸಲಿಲ್ಲ. ಯಾಕೆ ಅಂತ ನನಗೂ ಗೊತ್ತಿತ್ತು. ಜಾರ್ಜಿಯಾ ರಾಜ್ಯದಲ್ಲಿ, ಕಪ್ಪು ಮಕ್ಕಳ ಮುಂದೆ, ಹಗ್ಗ ಅನ್ನೋದು ಬರೀ ಹಗ್ಗ ಅಲ್ಲ. ಇಲ್ಲಿಂದ ಕೆಲವೇ ಗಂಟೆ ದೂರದಲ್ಲಿ, ಪಕ್ಕದ ಅಲಬಾಮಾ ರಾಜ್ಯದ ಮಾಂಟ್ಗೊಮರಿಯಲ್ಲಿ 2018ರಲ್ಲಿ ತೆರೆದ ಒಂದು ಸ್ಮಾರಕ ಇದೆ. ಬಿಳಿಯರು ಗುಂಪು ಸೇರಿ, ಬಹಳ ಸಲ ನೇಣು ಹಾಕಿ, ಕೊಂದ ಕಪ್ಪು ಜನರ ನೆನಪಿಗೆ 800ಕ್ಕೂ ಹೆಚ್ಚು ಉಕ್ಕಿನ ಕಂಬಗಳಿವೆ. ಒಂದೊಂದು ಕೌಂಟಿಗೆ, ಅಂದರೆ ಜಿಲ್ಲೆಗೆ, ಒಂದೊಂದು. ಮೇಲೆ ಹೆಸರುಗಳನ್ನು ಕೆತ್ತಿದ್ದಾರೆ. ಕಂಬಗಳ ನಡುವೆ ನಡೀತಾ ನಡೀತಾ ನೆಲ ಇಳಿಜಾರಾಗುತ್ತದೆ, ಕಂಬಗಳು ತಲೆಯ ಮೇಲೆ ತೂಗುತ್ತವೆ. ಈ ಮಕ್ಕಳನ್ನು ಚರ್ಚಿನ ಬಸ್ಸಿನಲ್ಲಿ ಅಲ್ಲಿಗೆ ಕರೆದುಕೊಂಡು ಹೋಗಿದ್ದರು. ತಮ್ಮ ಕೌಂಟಿಯ ಹೆಸರನ್ನು ಹುಡುಕಿ ನೋಡಿದ ಮಕ್ಕಳು ಇವರು.

ಅಂಥ ಮಕ್ಕಳಿಗೆ ಟೀಚರ್ ಅದೇ ಹಗ್ಗವನ್ನು ಒಬ್ಬನನ್ನು ಮೇಲೆತ್ತಲು ಕೊಟ್ಟರು. ಅವರು ಇದನ್ನು ಬಾಯಿಬಿಟ್ಟು ಹೇಳಲಿಲ್ಲ. ಹೇಳದೇ ಇದ್ದದ್ದೇ ಒಳ್ಳೇದಾಯಿತು. ಇಷ್ಟು ವರ್ಷ ಎಷ್ಟೋ ಬೋಧನೆ ಕೇಳಿದ್ದೇನೆ, ಇದಕ್ಕೆ ಸರಿಸಾಟಿಯಾದದ್ದು ನೆನಪಿಗೆ ಬರುತ್ತಿಲ್ಲ.

ಭಾನುವಾರ ಸಂಜೆ ಇದನ್ನೆಲ್ಲ ಒಬ್ಬ ಗೆಳತಿಗೆ ಫೋನಿನಲ್ಲಿ ಹೇಳಿದೆ. ಅವಳೂ ನಮ್ಮ ಕಡೆಯವಳು, ಭಕ್ತಿ ಜಾಸ್ತಿ, ಒಳ್ಳೆಯವಳು. ಪೂರ್ತಿ ಕೇಳಿಸಿಕೊಂಡು, "ಬೈಬಲ್‌ನಲ್ಲೂ ಬಣ್ಣ ಹುಡುಕಬೇಕೇನೇ? ದೇವರ ಮುಂದೆ ಎಲ್ಲರೂ ಒಂದೇ ಅಲ್ವಾ?" ಅಂದಳು. ಗಲಾತ್ಯದವರಿಗೆ ಅಪೊಸ್ತಲ ಪೌಲ ಬರೆದ ಪತ್ರದ ವಚನವನ್ನೂ ಹೇಳಿದಳು. ಯೆಹೂದ್ಯ, ಗ್ರೀಕ ಅಂತಿಲ್ಲ, ಆಳು, ಒಡೆಯ ಅಂತಿಲ್ಲ, ಕ್ರಿಸ್ತನಲ್ಲಿ ಎಲ್ಲರೂ ಒಂದೇ.

ಅವಳು ಹೇಳಿದ ಆ ವಚನವನ್ನೇ ಒಂದು ಕಾಲದಲ್ಲಿ ಕತ್ತರಿಸಿ ತೆಗೆದಿದ್ದರು. 1807ರಲ್ಲಿ ಲಂಡನ್ನಿನಲ್ಲಿ ವೆಸ್ಟ್ ಇಂಡೀಸ್‌ನ ಗುಲಾಮರಿಗಾಗಿಯೇ ಒಂದು ಬೈಬಲ್ ಅಚ್ಚು ಹಾಕಿಸಿದರು. ನಾವು ಓದುವ ಬೈಬಲ್‌ನಲ್ಲಿ 1,189 ಅಧ್ಯಾಯಗಳಿವೆ. ಆ ಗುಲಾಮರ ಬೈಬಲ್‌ನಲ್ಲಿ ಇದ್ದದ್ದು 232. ಮೋಶೆ ಗುಲಾಮರನ್ನು ಈಜಿಪ್ಟಿನಿಂದ ಬಿಡಿಸಿಕೊಂಡು ಹೋಗುವ ಕಥೆ ಇಲ್ಲ. ಕೀರ್ತನೆಗಳು ಇಲ್ಲ. ಕೊನೆಯ ಪುಸ್ತಕ ಪ್ರಕಟನೆ ಇಲ್ಲ. ಗಲಾತ್ಯದ ಆ ವಚನವೂ ಇಲ್ಲ. ಗುಲಾಮನಾಗಿ ಮಾರಾಟವಾಗಿಯೂ ತಗ್ಗಿ ನಡೆದ ಯೋಸೇಫನ ಕಥೆ ಇದೆ. ಆಳುಗಳೇ, ಒಡೆಯರ ಮಾತು ಕೇಳಿ ಅನ್ನುವುದು ಇದೆ. ಅದರ ಒಂದು ಪ್ರತಿ ನ್ಯಾಶ್‌ವಿಲ್‌ನ ಫಿಸ್ಕ್ ವಿಶ್ವವಿದ್ಯಾಲಯದಲ್ಲಿ ಇವತ್ತಿಗೂ ಇದೆ.

ಅಮೆರಿಕದ ದಕ್ಷಿಣದಲ್ಲಿ ಬೇರೆ ಬೈಬಲ್ ಬೇಕಾಗಲಿಲ್ಲ, ಬೋಧಿಸುವವರೇ ಆರಿಸಿ ಆರಿಸಿ ಬೋಧಿಸಿದರು. ಚಿಂತಕ ಹವರ್ಡ್ ಥರ್ಮನ್ ಅವರ ಅಜ್ಜಿ ಗುಲಾಮಗಿರಿಯಲ್ಲಿ ಬೆಳೆದವರು. ಅವರಿಗೆ ಓದು ಬರುತ್ತಿರಲಿಲ್ಲ. ಮೊಮ್ಮಗನ ಕೈಲಿ ಬೈಬಲ್ ಓದಿಸುತ್ತಿದ್ದರು. ಆದರೆ ಪೌಲನ ಪತ್ರಗಳನ್ನು ಮಾತ್ರ ಓದಲು ಬಿಡುತ್ತಿರಲಿಲ್ಲ. ಪ್ರೀತಿಯ ಬಗ್ಗೆ ಪೌಲ ಬರೆದ ಅಧ್ಯಾಯ ಒಂದನ್ನು ಆಗೊಮ್ಮೆ ಈಗೊಮ್ಮೆ ಕೇಳುತ್ತಿದ್ದರು. ಒಡೆಯನ ಪಾದ್ರಿ ಆಳುಗಳಿಗೆ ಪೌಲನ ಮಾತಿನಿಂದಲೇ ಬುದ್ಧಿ ಹೇಳುತ್ತಿದ್ದ. ಬಿಡುಗಡೆಯಾದರೆ ಆ ಭಾಗ ಇನ್ನು ಓದೋದಿಲ್ಲ ಅಂತ ಆ ತಾಯಿ ದೇವರಿಗೆ ಮಾತು ಕೊಟ್ಟಿದ್ದರಂತೆ.

ಹಾಗಾಗಿ ಗೆಳತಿಗೆ ಹೇಳಿದೆ: ಬಣ್ಣವನ್ನು ಬೈಬಲ್‌ಗೆ ತಂದವರು ಈ ಮಕ್ಕಳಲ್ಲ ಕಣೇ. ನೋಹನ ಶಾಪದ ಕಥೆ ಹಿಡಿದುಕೊಂಡು, ಅವನ ಮಗ ಹಾಮನ ಸಂತಾನ ಕಪ್ಪು, ಅದಕ್ಕೇ ಗುಲಾಮರು ಅಂತ ಶತಮಾನಗಟ್ಟಲೆ ಹೇಳಿದವರು ತಂದರು. ಟೀಚರ್ ಆ ಭಾಗವನ್ನೂ ಮಕ್ಕಳಿಂದ ಓದಿಸಿದ್ದಾರೆ. ವಚನದ ಮೇಲೆ ಬೆರಳಿಟ್ಟು ಓದಿ ಅಂದರು. ಶಾಪ ಬಿದ್ದದ್ದು ಯಾರ ಮೇಲೆ? ಹಾಮನ ಮಗ ಕಾನಾನನ ಮೇಲೆ. ಹಾಮನ ಮೇಲಲ್ಲ. ಹಾಮನ ಇನ್ನೊಬ್ಬ ಮಗ ಕೂಷನ ಮೇಲಂತೂ ಅಲ್ಲವೇ ಅಲ್ಲ. ಒಂದು ಮಗುವಿನ ಬೆರಳಿಗೆ ಸಿಗುವ ಮಾತು ದೊಡ್ಡ ದೊಡ್ಡ ಪಂಡಿತರಿಗೆ ಸಿಗಲಿಲ್ಲ ಅಂದರೆ, ಅವರಿಗೆ ಅದು ಬೇಕಿರಲಿಲ್ಲ ಅಷ್ಟೇ.

ಈ ಟೀಚರಲ್ಲಿ ನನಗೆ ಹಿಡಿಸಿದ್ದು ಇನ್ನೊಂದು. ಇಲ್ಲದ್ದನ್ನು ಸೇರಿಸಲೂ ಬಿಡುವುದಿಲ್ಲ. ಯೇಸುವಿನ ಶಿಲುಬೆ ಹೊತ್ತ ಕುರೇನ್ಯದ ಸೀಮೋನ ಕಪ್ಪು ಮನುಷ್ಯ ಅಂತ ಇಲ್ಲಿಯ ಚರ್ಚುಗಳಲ್ಲಿ ಬಹಳ ಜನ ನಂಬುತ್ತಾರೆ. ಅವರು ಮಕ್ಕಳಿಗೆ ಹೇಳಿದ್ದಿಷ್ಟು: ಕುರೇನ್ಯ ಇವತ್ತಿನ ಲಿಬಿಯಾದಲ್ಲಿದೆ, ಹಾಗಾಗಿ ಅವನು ಆಫ್ರಿಕಾದಿಂದ ಬಂದವನು. ಅಲ್ಲಿ ಯೆಹೂದ್ಯರೂ ತುಂಬಾ ಜನ ನೆಲೆಸಿದ್ದರು. ಅವನ ಮೈಬಣ್ಣ ಯಾವುದು ಅಂತ ಸುವಾರ್ತೆ ಬರೆದ ಮಾರ್ಕನು ಬರೆದಿಲ್ಲ. ಆದರೆ ಐಥಿಯೋಪ್ಯದ ಕಂಚುಕಿಯ ವಿಷಯದಲ್ಲಿ ಅನುಮಾನವೇ ಬೇಡ. ರಾಣಿಯ ಖಜಾನೆ ನೋಡಿಕೊಳ್ಳುತ್ತಿದ್ದವನು, ರಥದಲ್ಲಿ ಕೂತು ಯೆಶಾಯನ ಸುರುಳಿ ಓದುತ್ತಿದ್ದವನು. 'ಇಗೋ ನೀರು, ನನಗೆ ದೀಕ್ಷಾಸ್ನಾನ ಆಗೋದಕ್ಕೆ ಅಡ್ಡಿ ಏನು' ಅಂತ ತಾನಾಗಿ ಕೇಳಿದವನು. ಯೂರೋಪಿಗೆ ಪೌಲ ಕಾಲಿಡುವ ಮೊದಲೇ ಈ ಕಥೆ ಬರುತ್ತದೆ. ಕ್ರೈಸ್ತ ಧರ್ಮ ಬಿಳಿಯರಿಂದ ಬಂದದ್ದು ಅಂದುಕೊಂಡಿದ್ದ ಒಬ್ಬಳು ಹುಡುಗಿ ಅಪೊಸ್ತಲರ ಕೃತ್ಯಗಳ 8ನೇ ಅಧ್ಯಾಯವನ್ನು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡಳು.

ಯೂತ್ ನೋಡಿಕೊಳ್ಳುವ ತರುಣ ಲೀಡರ್ ಒಬ್ಬರಿದ್ದಾರೆ. ವ್ಯಾನ್ ಓಡಿಸುತ್ತಾರೆ, ಮಕ್ಕಳ ಮನೆಮನೆಗೆ ಹೋಗುತ್ತಾರೆ, ಅವರಿಲ್ಲದೆ ಏನೂ ನಡೆಯುವುದಿಲ್ಲ. ಅವರ ಪಾಠದಲ್ಲಿ ಮಾತ್ರ ಬರೀ ರಾಜರು, ರಾಣಿಯರು. ಶೆಬದ ರಾಣಿ, ಕೂಷಿನ ಅರಸ ತಿರ್ಹಾಕ. ನೀವು ಅರಸರ ಮಕ್ಕಳು ಅಂತ ಹೇಳಿದರೆ ಮಕ್ಕಳ ಮುಖ ಅರಳುವುದು ನಿಜ. ಅದು ಬೇಡ ಅನ್ನುವುದಿಲ್ಲ. ಆದರೂ ನನಗೆ ಎಬೆದ್ಮೆಲೆಕನೇ ದೊಡ್ಡವನಾಗಿ ಕಾಣುತ್ತಾನೆ. ಆ ಕಥೆಯಲ್ಲಿ ಕಿರೀಟ ಇರುವವನು ಕೈಲಾಗದೆ ಕೂತಿದ್ದಾನೆ. ಬೇರೆ ದೇಶದಿಂದ ಬಂದ ಆಳು, ಕೆಸರಿನಲ್ಲಿರುವವನ ಕಂಕುಳ ಬಗ್ಗೆ ಯೋಚನೆ ಮಾಡುತ್ತಿದ್ದಾನೆ.

ಕ್ಲಾಸ್ ಮುಗಿದು ಕುರ್ಚಿ ಜೋಡಿಸುವಾಗ ಟೀಚರ್ ನನ್ನನ್ನು ಕೇಳಿದರು. "ನಿನ್ನ ಊರು ಮೈಸೂರಲ್ವಾ? ಡಾಕ್ಟರ್ ಮೇಸ್ ಅಲ್ಲಿಗೆ ಹೋಗಿದ್ದರು, ಗೊತ್ತಾ?"

ಬೆಂಜಮಿನ್ ಮೇಸ್ ಅಂದರೆ ಅಟ್ಲಾಂಟಾದಲ್ಲಿ ಎಲ್ಲರಿಗೂ ಗೊತ್ತು. 1894ರಲ್ಲಿ ಸೌತ್ ಕ್ಯಾರೊಲಿನಾದಲ್ಲಿ ಹುಟ್ಟಿದರು. ತಂದೆ ತಾಯಿ ಹುಟ್ಟಿದ್ದು ಗುಲಾಮಗಿರಿಯಲ್ಲಿ. ಕುದುರೆ ಏರಿ ಬಂದ ಬಿಳಿಯರ ಗುಂಪು ಅಪ್ಪನಿಂದ ಟೋಪಿ ತೆಗೆಸಿ ತಲೆ ಬಾಗಿಸಿದ್ದು ಅವರ ಮೊಟ್ಟಮೊದಲ ನೆನಪು. ಮುಂದೆ ಮೋರ್‌ಹೌಸ್ ಕಾಲೇಜಿನ ಅಧ್ಯಕ್ಷರಾದರು. ಮಾರ್ಟಿನ್ ಲೂಥರ್ ಕಿಂಗ್ ಅಲ್ಲೇ ಅವರ ಕೈಕೆಳಗೆ ಬೆಳೆದವರು. ಈ ಮೇಸ್ 1937ರ ಜನವರಿಯಲ್ಲಿ ವೈಎಂಸಿಎ ವಿಶ್ವ ಸಮ್ಮೇಳನಕ್ಕೆ ಮೈಸೂರಿಗೆ ಬಂದಿದ್ದರು. ಅದಕ್ಕೆ ಸ್ವಲ್ಪ ಮೊದಲು ವಾರ್ಧಾದಲ್ಲಿ ಗಾಂಧಿಯವರನ್ನು ಕಂಡಿದ್ದರು. ಮೈಸೂರಿನಲ್ಲಿ ಅಸ್ಪೃಶ್ಯರ ಮಕ್ಕಳ ಶಾಲೆಯೊಂದಕ್ಕೆ ಹೋದಾಗ ಹೆಡ್‌ಮಾಸ್ಟರು ಅವರನ್ನೂ ಒಬ್ಬ ಅಸ್ಪೃಶ್ಯ ಅಂತಲೇ ಮಕ್ಕಳಿಗೆ ಪರಿಚಯ ಮಾಡಿಕೊಟ್ಟರು. ಮೇಸ್ ಅವರಿಗೆ ಮೊದಲು ಗಾಬರಿಯಾಯಿತು, ಸಿಟ್ಟೂ ಬಂತು. ಆಮೇಲೆ, ನನ್ನ ದೇಶದಲ್ಲಿ ನಾನು ಅದೇ ಅಲ್ಲವೇ ಅನ್ನಿಸಿತು. ಇದನ್ನು ಅವರೇ ಬರೆದಿದ್ದಾರೆ.

ನನ್ನ ಊರಿನ ಈ ಕಥೆಯನ್ನು ನಾನು ಕೇಳಿದ್ದು ಅಟ್ಲಾಂಟಾದಲ್ಲಿ. ಮನೆಗೆ ಬರುವ ದಾರಿಯಲ್ಲಿ ಅಜ್ಜಿ ನೆನಪಾದರು. ಅಜ್ಜಿಯ ಊರು ಮೈಸೂರಿನಿಂದ ಬಹಳ ದೂರವಲ್ಲ. ಸೇದುವ ಬಾವಿ ಊರೊಳಗೆ, ಇವರ ಮನೆ ಕೇರಿಯಲ್ಲಿ. ಬಾವಿಯ ಹಗ್ಗ ಮುಟ್ಟುವಂತಿರಲಿಲ್ಲ. ಯಾರಾದರೂ ಮನಸ್ಸು ಮಾಡಿ ಮೇಲಿನಿಂದ ಕೊಡಕ್ಕೆ ನೀರು ಸುರಿಯುವ ತನಕ ದೂರ ನಿಂತು ಕಾಯಬೇಕಿತ್ತು. ಮಿಷನ್ ಶಾಲೆ ಅವರನ್ನು ಅಲ್ಲಿಂದ ಹೊರಗೆ ತಂದಿತು. ಆದರೆ ಆ ಶಾಲೆಯಲ್ಲಾಗಲಿ, ನಾನು ಓದಿದ ಸಂಡೇ ಸ್ಕೂಲಿನಲ್ಲಾಗಲಿ, ಈ ಬಾವಿ ಹಗ್ಗದ ಕಥೆಯನ್ನು ನಮ್ಮ ಬದುಕಿನ ಪಕ್ಕದಲ್ಲಿಟ್ಟು ಯಾರೂ ಹೇಳಲಿಲ್ಲ. ಗೋಡೆಯ ಮೇಲೆ ನೀಲಿ ಕಣ್ಣಿನ ಯೇಸು. ಎಲ್ಲರೂ ಒಂದೇ ಅನ್ನುವ ವಚನ ನಮಗೆ ಬಾಯಿಪಾಠ. ಅದೇ ಸಭೆಯಲ್ಲಿ ಮದುವೆ ಮಾತು ಬಂದರೆ 'ಯಾವ ಕಡೆಯವರು' ಅಂತ ಕೇಳುತ್ತಾರೆ. ಎಲ್ಲರೂ ಒಂದೇ ಅಂತ ಯಾರು ಮೊದಲು ಹೇಳುತ್ತಾರೆ, ಯಾರಿಗೆ ಹೇಳುತ್ತಾರೆ, ಅದರ ಮೇಲೆ ಎಷ್ಟೋ ಇದೆ.

ಗೆಳತಿ ಕೊನೆಗೆ, "ಅದು ಅಮೆರಿಕದವರ ವಿಷಯ ಬಿಡು" ಅಂದಳು. ನನಗೆ ಹಾಗನ್ನಿಸುವುದಿಲ್ಲ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆ ಸಿದ್ದಿಗಳಿದ್ದಾರೆ. ಅವರ ಹಿರಿಯರು ಆಫ್ರಿಕಾದವರು, ಬಹಳ ಜನ ಗುಲಾಮರಾಗಿ ಬಂದವರು. ಅವರಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಮೂವರೂ ಇದ್ದಾರೆ. ಅಲ್ಲಿಯ ಚರ್ಚಿನಲ್ಲಿ ಕೂತ ಒಬ್ಬ ಸಿದ್ದಿ ಹುಡುಗಿಗೆ, ಪ್ರವಾದಿಯನ್ನು ಬಾವಿಯಿಂದ ಎತ್ತಿದವನು ಆಫ್ರಿಕಾದವನು ಅಂತ ಯಾರಾದರೂ ಹೇಳಿದ್ದಾರಾ? ಶಾಲೆಯಲ್ಲಿ ಅವಳ ಕೂದಲು, ಬಣ್ಣ ನೋಡಿ ಆಡಿಕೊಳ್ಳುವವರಿಗೂ ಅದನ್ನು ಹೇಳಬೇಕಲ್ವಾ?

ಮೈಸೂರಿನ ನಮ್ಮ ಸಭೆಯಲ್ಲಿ ವಿಬಿಎಸ್, ಅಂದರೆ ಮಕ್ಕಳ ರಜೆಯ ಬೈಬಲ್ ಶಾಲೆ, ನಡೆಸುವವರಿಗೆ ಬುಧವಾರ ಪತ್ರ ಬರೆದೆ. ಬರುವ ಏಪ್ರಿಲ್‌ಗೆ ಯೆರೆಮೀಯನ 38ನೇ ಅಧ್ಯಾಯ ಇಟ್ಟುಕೊಳ್ಳಿ ಅಂತ. ಪಾಠ ಬರೆದು ಕಳಿಸಿ, ಆಕ್ಷನ್ ಸಾಂಗ್ ಇದ್ದರೆ ಅದನ್ನೂ ಕಳಿಸಿ ಅಂತ ಉತ್ತರ ಬಂದಿದೆ. ಬರೆಯುತ್ತಿದ್ದೇನೆ.

ಇಲ್ಲಿ ಈ ಶನಿವಾರ ಮುಂದಿನ ಅಧ್ಯಾಯ. ಪಟ್ಟಣ ಬಿದ್ದುಹೋಗುವ ಹೊತ್ತಿಗೆ ದೇವರು ಎಬೆದ್ಮೆಲೆಕನಿಗೇ ಅಂತ ಒಂದು ಮಾತು ಕಳಿಸುತ್ತಾನೆ. ನೀನು ಯಾರಿಗೆ ಹೆದರುತ್ತೀಯೋ ಅವರ ಕೈಗೆ ನೀನು ಸಿಗುವುದಿಲ್ಲ. ಅಂದರೆ ಅರಸನ ಮುಂದೆ ಹಾಗೆ ನಿಂತವನಿಗೂ ಭಯ ಇತ್ತು. ಹಿಂದಿನ ಸಾಲಿನ ಹುಡುಗ ಇದಕ್ಕೆ ಏನು ಹೇಳುತ್ತಾನೋ ಕೇಳಬೇಕು. ಗೆಳತಿಯನ್ನೂ ಕರೆದಿದ್ದೇನೆ. ಬರುತ್ತೇನೆ ಅಂದಿದ್ದಾಳೆ.