ಕುದುರೆ ಲಾಳದ ಬೆಟ್ಟ, ದೂರದೇಶದ ಬೂದಿ

ಹಾಸನದಿಂದ ಹಳೇಬೀಡಿಗೆ ಸುಮಾರು 30 ಕಿ.ಮೀ., ಅಲ್ಲಿಂದ ಬೇಲೂರಿಗೆ 16, ಬೇಲೂರಿನಿಂದ ಚಿಕ್ಕಮಗಳೂರಿಗೆ ಇನ್ನೊಂದು 25. ಮುಳ್ಳಯ್ಯನಗಿರಿ ನೋಡಬೇಕೆಂದು ಹೊರಟವರು ಈ ದಾರಿಯನ್ನು ಸಾಮಾನ್ಯವಾಗಿ ಬೇಗ ಮುಗಿಸಿಬಿಡುತ್ತಾರೆ. ಜ್ವಾಲಾಮುಖಿ ಎಂದರೇನು, ಅದಕ್ಕೆ ಎಷ್ಟು ಹೆದರಬೇಕು ಎಂದು ತಿಳಿಯುವ ಆಸೆಯಿದ್ದವರು ಮಾತ್ರ ಹಳೇಬೀಡಿನಲ್ಲಿ ಒಂದು ಗಂಟೆ ನಿಲ್ಲಬೇಕು.

ಹೊಯ್ಸಳೇಶ್ವರನ ಗೋಡೆಯ ಆನೆಸಾಲು, ಕುದುರೆಸಾಲುಗಳನ್ನು ಕಡೆದಿರುವುದು ಬಳಪದ ಕಲ್ಲಿನಲ್ಲಿ. ಮೆಗ್ನೀಸಿಯಂ ಹೆಚ್ಚಿದ್ದ ಅಗ್ನಿಶಿಲೆ ನೆಲದಾಳದ ಬಿಸಿನೀರಿಗೂ ಒತ್ತಡಕ್ಕೂ ಸಿಕ್ಕಿ, ತನ್ನ ಖನಿಜಗಳನ್ನೇ ಬದಲಿಸಿಕೊಂಡು ಮೆತ್ತಗಾದರೆ ಇಂಥ ಕಲ್ಲಾಗುತ್ತದೆ. ಇದೇ ಜಿಲ್ಲೆಯ ಹೊಳೆನರಸೀಪುರ, ನುಗ್ಗೇಹಳ್ಳಿ ಕಡೆಯ ಶಿಲಾಪಟ್ಟಿಗಳಲ್ಲಿ ಅಂಥದೇ ಮೆಗ್ನೀಸಿಯಂ ಹೆಚ್ಚಿರುವ ಕೊಮಟೈಟ್ ಎಂಬ ಲಾವಾ ಸಿಗುತ್ತದೆ. 300 ಕೋಟಿ ವರ್ಷಕ್ಕೂ ಹಿಂದೆ ಅದು ಸುಮಾರು 1,600 ಡಿಗ್ರಿ ಬಿಸಿಯಲ್ಲಿ ನೀರಿನಂತೆ ಹರಿದಿತ್ತು. ಇಂದಿನ ಹವಾಯಿಯ ಲಾವಾ 1,200 ಡಿಗ್ರಿಯ ಆಸುಪಾಸು. ಹಾಗಾಗಿ ನಮ್ಮ ನೆಲಕ್ಕೆ ಬೆಂಕಿ ಹೊಸದಲ್ಲ, ಆದರೆ ಆ ಬೆಂಕಿ ಆರಿ ಯುಗಗಳೇ ಕಳೆದಿವೆ. ಈ ಮಾತನ್ನು ಬೆಟ್ಟ ಹತ್ತುವಾಗಲೂ ನೆನಪಿನಲ್ಲಿಟ್ಟುಕೊಂಡಿರಬೇಕು.

ಚಿಕ್ಕಮಗಳೂರು ದಾಟಿ ಕೈಮರದ ಚೆಕ್‌ಪೋಸ್ಟ್ ಬಿಟ್ಟರೆ ಏರು ಶುರು. ಜಿಲ್ಲಾಡಳಿತ ವಾಹನಗಳಿಗೆ ಮಿತಿ ಹಾಕುತ್ತದೆ; ಹೊರಡುವ ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು. ಸೀತಾಳಯ್ಯನಗಿರಿಯ ತಿರುವು ಕಳೆದು, ಮೆಟ್ಟಿಲು ಹತ್ತಿ ಸುಮಾರು 1,930 ಮೀಟರ್ ಎತ್ತರದ ನೆತ್ತಿಯಲ್ಲಿ ನಿಂತಾಗ ಕಾಣುವ ನೋಟವೇ ಎಲ್ಲ ಗೊಂದಲಕ್ಕೂ ಮೂಲ. ಬೆಟ್ಟಸಾಲು ಬಿಲ್ಲಿನಂತೆ ಬಾಗಿ ಕುದುರೆ ಲಾಳದ ಆಕಾರ ತಾಳಿದೆ, ನಡುವೆ ಜಾಗರ ಕಣಿವೆ. ಚಂದ್ರದ್ರೋಣ ಎಂಬ ಹೆಸರಿನಲ್ಲೇ ಆ ಬಾಗು ಇದೆ. "ಇದು ಜ್ವಾಲಾಮುಖಿಯ ಬಾಯೇನಾ ಸಾರ್?" ಎಂದು ಇಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ.

ಅಲ್ಲ. ಮಹಾಜ್ವಾಲಾಮುಖಿ ಒಂದೇ ಬಾರಿಗೆ 1,000 ಘನ ಕಿ.ಮೀ.ಗೂ ಹೆಚ್ಚು ಶಿಲೆ, ಬೂದಿಯನ್ನು ಉಗುಳಿದಾಗ ಅಡಿಯ ಶಿಲಾಪಾಕದ, ಎಂದರೆ ಕರಗಿದ ಕಲ್ಲಿನ, ಕೋಣೆ ಬರಿದಾಗಿ ಮೇಲಿನ ನೆಲ ಕುಸಿಯುತ್ತದೆ. ಹೀಗೆ ಆಗುವ ಹಳ್ಳವೇ ಕ್ಯಾಲ್ಡೆರಾ. ಅದರ ಒಳಗೂ ಸುತ್ತಲೂ ಬೆಂದು ಬೆಸೆದ ಬೂದಿಯ ದಪ್ಪ ಪದರ ಇರಲೇಬೇಕು. ಇಲ್ಲಿ ನೆತ್ತಿಯಲ್ಲಿರುವುದು ಕಡುಗೆಂಪು, ಕಪ್ಪು, ಬಿಳಿ ಗೆರೆಗಳು ಒಂದರ ಮೇಲೊಂದು ಬರುವ ಕಬ್ಬಿಣದ ಪಟ್ಟೆಕಲ್ಲು. ಅದು ಹುಟ್ಟಿದ್ದು ಸಮುದ್ರದ ತಳದಲ್ಲಿ. ಅದರ ಕೆಳಗೆ ಹಳೆಯ ಬಸಾಲ್ಟ್ ಲಾವಾದ ಪದರಗಳಿವೆ. ಇವೆಲ್ಲ ಮಡಿಸಿಕೊಂಡು, ಮೆತ್ತನೆಯದು ಸವೆದು, ಗಟ್ಟಿಯಾದ ಕಬ್ಬಿಣದ ಕಲ್ಲು ಅಂಚಾಗಿ ಉಳಿದದ್ದರಿಂದ ಲಾಳದ ಆಕಾರ ಬಂದಿದೆ. ಕೈಯಲ್ಲಿ ದಿಕ್ಸೂಚಿ ಇದ್ದರೆ ಈ ಕಲ್ಲಿಗೆ ತೀರ ಹತ್ತಿರ ಹಿಡಿದು ನಂಬಬೇಡಿ. ಮ್ಯಾಗ್ನೆಟೈಟ್ ಎಂಬ ಕಾಂತಗುಣದ ಕಬ್ಬಿಣದ ಖನಿಜ ಇರುವ ಕಡೆ ಮುಳ್ಳು ಅತ್ತಿತ್ತ ವಾಲುತ್ತದೆ; ಮಂಜು ಕವಿದಾಗ ಅದನ್ನೇ ನೆಚ್ಚಿ ಅಂಚಿನತ್ತ ನಡೆಯುವುದು ಅಪಾಯ.

ಆದರೂ ಈ ಬೆಟ್ಟಕ್ಕೆ ಬೂದಿಯ ನಂಟು ಇಲ್ಲದಿಲ್ಲ. ಪಟ್ಟೆಕಲ್ಲಿನ ನಡುವೆ ಹುದುಗಿರುವ ಬೂದಿಪದರದ ಜಿರ್ಕಾನ್ ಎಂಬ ಖನಿಜದ ಹರಳುಗಳಿಂದಲೇ ಇದರ ವಯಸ್ಸನ್ನು ಸುಮಾರು 272 ಕೋಟಿ ವರ್ಷ ಎಂದು ಎಣಿಸಿದ್ದಾರೆ. ಎಲ್ಲಿಯೋ ಸಿಡಿದ ಬೆಟ್ಟದ ಬೂದಿ ಸಮುದ್ರಕ್ಕೆ ಬಿದ್ದು, ಕಬ್ಬಿಣದ ಕೆಸರಿನೊಡನೆ ಕಲ್ಲಾಗಿ, ಈಗ ನಮ್ಮ ಕಾಲಡಿ ಇದೆ. ಬೂದಿ ಹುಟ್ಟಿದಲ್ಲೇ ಉಳಿಯುವುದಿಲ್ಲ. ಮಹಾಜ್ವಾಲಾಮುಖಿಯ ಅಪಾಯವನ್ನು ಅಳೆಯುವಾಗ ಜನ ಮರೆಯುವುದು ಇದನ್ನೇ. ಭಯವೆಲ್ಲ ಕೆಂಪು ಲಾವಾದ ಚಿತ್ರದ ಮೇಲೆ. ಲಾವಾ ಈ ಕಡೆ ಬರುವ ಮಾತೇ ಇಲ್ಲ. ಬೂದಿ ಒಮ್ಮೆ ಈ ಉಪಖಂಡಕ್ಕೆ ಬಂದು ಹೋಗಿದೆ.

ಸುಮಾರು 74,000 ವರ್ಷಗಳ ಹಿಂದೆ ಇಂಡೊನೇಷ್ಯಾದ ಸುಮಾತ್ರಾ ದ್ವೀಪದ ಟೋಬಾ ಮಹಾಜ್ವಾಲಾಮುಖಿ ಸಿಡಿಯಿತು. ಅದರ ಕುಸಿದ ಬಾಯಿಯಲ್ಲಿ ಇಂದು 100 ಕಿ.ಮೀ. ಉದ್ದ, 30 ಕಿ.ಮೀ. ಅಗಲದ ಸರೋವರವಿದೆ. ಚಿಕ್ಕಮಗಳೂರಿಂದ ಅಲ್ಲಿಗೆ ನೇರ ಗೆರೆಯಲ್ಲಿ ಸುಮಾರು 2,800 ಕಿ.ಮೀ. ಆಂಧ್ರದ ಬನಗಾನಪಲ್ಲಿ ಬಳಿಯ ಜ್ವಾಲಾಪುರಂನಲ್ಲಿ ಆ ಬೂದಿ ಎರಡು ಮೀಟರಿಗೂ ಹೆಚ್ಚು ದಪ್ಪ ನಿಂತಿದೆ. ಆಕಾಶದಿಂದ ಬಿದ್ದದ್ದು ಕೆಲವೇ ಸೆಂಟಿಮೀಟರ್, ಉಳಿದದ್ದು ಸುತ್ತಲಿನ ಇಳಿಜಾರಿಂದ ಮಳೆನೀರು ತಂದು ತಗ್ಗಿಗೆ ತುಂಬಿದ್ದು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಮತ್ತು ಪುರಾತತ್ವಜ್ಞ ಮೈಕೆಲ್ ಪೆಟ್ರಾಗ್ಲಿಯಾ ಅವರ ತಂಡ ಅಲ್ಲಿ ಬೂದಿಯ ಕೆಳಗೂ ಮೇಲೂ ಕಲ್ಲಿನ ಆಯುಧಗಳನ್ನು ಕಂಡು 2007ರಲ್ಲಿ ಪ್ರಕಟಿಸಿತು. ಎರಡೂ ಕಡೆಯ ಆಯುಧಗಳ ರೀತಿ ಹೆಚ್ಚು ಬದಲಾಗಿರಲಿಲ್ಲ. ಟೋಬಾ ಸಿಡಿದು ಮನುಷ್ಯಕುಲವೇ ಅಳಿವಿನಂಚಿಗೆ ಬಂತು ಎಂದು ಸಲೀಸಾಗಿ ಹೇಳುವವರು ಆ ಕಲ್ಲುಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು. ಚಂದ್ರದ್ರೋಣದ ಕಡಿದಾದ ಇಳುಕಲಿನಲ್ಲಿ, ಇಷ್ಟು ಮಳೆಯಲ್ಲಿ, ಅಂಥ ಬೂದಿಪದರ ನಿಲ್ಲುವುದು ಕಷ್ಟ.

ಬೂದಿ ಎಂದಾಗ ಒಲೆಯ ಬೂದಿಯನ್ನು ನೆನೆಯಬಾರದು. ಇದು ಪುಡಿಯಾದ ಗಾಜು. ನೀರಿನಲ್ಲಿ ಕರಗದು, ಕಣ್ಣು ಉಜ್ಜಿದರೆ ಗೀರುತ್ತದೆ. ಒಂದು ಚದರ ಮೀಟರ್ ಮಾಡಿನ ಮೇಲೆ 10 ಸೆಂ.ಮೀ. ಒಣ ಬೂದಿ ಬಿದ್ದರೆ ಸುಮಾರು 100 ಕೆ.ಜಿ. ಭಾರ, ಮಳೆ ಸೇರಿದರೆ 150ರಿಂದ 200. ಫಿಲಿಪ್ಪೀನ್ಸಿನ ಪಿನಾಟುಬೊ 1991ರ ಜೂನ್‌ನಲ್ಲಿ ಸಿಡಿದ ದಿನವೇ ಚಂಡಮಾರುತವೂ ಬಂದಿತ್ತು. ಅಂದು ಸತ್ತವರಲ್ಲಿ ಬಹುಪಾಲು ಜನ ಒದ್ದೆ ಬೂದಿಯ ಭಾರಕ್ಕೆ ಕುಸಿದ ಸೂರಿನಡಿ ಸಿಕ್ಕವರು. ಮಲೆನಾಡಿನ ಕಡಿದಾದ ಹೆಂಚಿನ ಮಾಡು ಭಾರವನ್ನು ಸ್ವಲ್ಪ ಜಾರಿಸುತ್ತದೆ, ಸಪಾಟು ತಗಡಿನ ಗೋದಾಮಿಗೆ ಆ ಅನುಕೂಲವಿಲ್ಲ. ಬೂದಿ ತೆಗೆಯುವಾಗ ತುಸುವೇ ನೀರು ಚಿಮುಕಿಸಿ ಸಲಿಕೆಯಿಂದ ಎತ್ತಬೇಕು. ಪೈಪ್ ಹಿಡಿದು ತೊಳೆದರೆ ಚರಂಡಿಯಲ್ಲಿ ಗಟ್ಟಿಕೊಂಡು ಕೂರುತ್ತದೆ. ಒದ್ದೆ ಬೂದಿ ವಿದ್ಯುತ್ ಹರಿಯಗೊಡುವುದರಿಂದ ಕಂಬದ ಪಿಂಗಾಣಿಯ ಮೇಲೆ ಕೂತು ಲೈನ್ ಟ್ರಿಪ್ ಮಾಡಿಸುತ್ತದೆ.

2025ರ ನವೆಂಬರ್ 23ರಂದು ಇಥಿಯೋಪಿಯಾದ ಹೈಲಿ ಗುಬ್ಬಿ ಜ್ವಾಲಾಮುಖಿ ಸಿಡಿದಾಗ ಬೂದಿಮೋಡ ಮರುದಿನವೇ ಉತ್ತರ ಭಾರತದ ಮೇಲಿತ್ತು, ವಿಮಾನಗಳು ರದ್ದಾದವು. ಮಹಾಜ್ವಾಲಾಮುಖಿಯ ಮುಂದೆ ಅದು ತೀರ ಚಿಕ್ಕದು.

ಬೂದಿಗಿಂತ ಹೆಚ್ಚು ಕಾಲ ಕಾಡುವುದು ಗಂಧಕದ ಅನಿಲ. ಅದು ಮೇಲಿನ ವಾತಾವರಣಕ್ಕೇರಿ ಸಣ್ಣ ಹನಿಗಳಾಗಿ ಬಿಸಿಲನ್ನು ತಡೆಯುತ್ತದೆ. ಪಿನಾಟುಬೊ ಜಗತ್ತನ್ನು ಅರ್ಧ ಡಿಗ್ರಿಯಷ್ಟು ತಣಿಸಿತು. ಭೂಮಿ ಸಮುದ್ರಕ್ಕಿಂತ ಬೇಗ ತಣಿಯುವುದರಿಂದ ಮುಂಗಾರನ್ನು ಎಳೆಯುವ ಬಲವೇ ಕುಗ್ಗುತ್ತದೆ. ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅರೇಬಿಕಾಕ್ಕೆ ಮಾರ್ಚ್-ಏಪ್ರಿಲ್‌ನಲ್ಲಿ ಒಂದು ಇಂಚಿನಷ್ಟು ಹೂಮಳೆ ಬೇಕು, ಎಂಟೊಂಬತ್ತು ದಿನಕ್ಕೆ ಹೂವರಳಬೇಕು, ಕೆಲವು ವಾರದಲ್ಲಿ ಇನ್ನೊಂದು ಮಳೆ ಬಂದು ಕಾಯಿ ನಿಲ್ಲಬೇಕು. ಒಂದು ಮಳೆ ಹದ ತಪ್ಪಿದರೆ ವರ್ಷದ ಲೆಕ್ಕವೇ ಬದಲಾಗುವ ಊರಿದು. ಹಲವು ವರ್ಷ ಹದ ತಪ್ಪಿದರೆ ಏನಾದೀತು ಎಂಬುದು ನಿಜವಾಗಿ ಕೇಳಬೇಕಾದ ಪ್ರಶ್ನೆ.

ಮೊಬೈಲಿನಲ್ಲಿ ಬರುವ ಮಾತೇ ಬೇರೆ: "ಯೆಲ್ಲೋಸ್ಟೋನ್ ಸಿಡಿಯುವ ಗಡುವು ಮೀರಿದೆ". ಅಮೆರಿಕದ ಆ ಮಹಾಜ್ವಾಲಾಮುಖಿಯ ಮೂರು ದೊಡ್ಡ ಸ್ಫೋಟಗಳು 21 ಲಕ್ಷ, 13 ಲಕ್ಷ, 6.4 ಲಕ್ಷ ವರ್ಷಗಳ ಹಿಂದಿನವು. ಮೂರರ ನಡುವೆ ಇರುವುದು ಎರಡೇ ಅಂತರ. ಎರಡರಿಂದ ಗಡುವು ಕಟ್ಟಲಾಗದು. ಕಟ್ಟಿದರೂ ಸರಾಸರಿ ಏಳು ಲಕ್ಷ ಚಿಲ್ಲರೆ, ಇನ್ನೂ ಸುಮಾರು 90,000 ವರ್ಷ ಬಾಕಿ. ಅಲ್ಲಿನ ಶಿಲಾಪಾಕದಲ್ಲಿ ಕರಗಿರುವ ಪಾಲು 16ರಿಂದ 20 ಶೇಕಡಾ ಎಂದು 2022ರ ಅಧ್ಯಯನ ಹೇಳಿತು. ದೊಡ್ಡದಾಗಿ ಸಿಡಿಯಲು ಅದರ ಎರಡರಷ್ಟಾದರೂ ಬೇಕು. ಅಮೆರಿಕದ ಭೂವೈಜ್ಞಾನಿಕ ಸಂಸ್ಥೆಯ ಅಂದಾಜಿನಲ್ಲಿ ವರ್ಷಕ್ಕೆ 7,30,000ದಲ್ಲಿ ಒಂದು ಸಾಧ್ಯತೆ.

ಹತೋಟಿಗೆ ಸಿಗದ್ದು, ಅಪರಿಚಿತವಾದದ್ದು, ಒಮ್ಮೆಗೇ ಬಹಳ ಜನರನ್ನು ಕೊಲ್ಲುವಂಥದ್ದು ಮನಸ್ಸಿಗೆ ಹೆಚ್ಚು ಹೆದರಿಕೆ ತರುತ್ತದೆ ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ಪಾಲ್ ಸ್ಲೋವಿಕ್ 1987ರಲ್ಲಿಯೇ ತೋರಿಸಿದ್ದರು. ದಿನಾ ಕಾಣುವುದು ಹೆದರಿಸುವುದಿಲ್ಲ. ಈ ಬೆಟ್ಟದ ದಾರಿಯಲ್ಲಿ ಇಳಿಯುವಾಗ ಅದು ಕಣ್ಣಿಗೆ ಕಟ್ಟುತ್ತದೆ: ನೆತ್ತಿಯ ಮೇಲೆ ಜ್ವಾಲಾಮುಖಿಯ ಮಾತಾಡಿದವರೇ ನೆಟ್ಟಗೆ ಕಡಿದ ಧರೆಯ, ಎಂದರೆ ರಸ್ತೆಬದಿಯ ಮಣ್ಣಿನ ಗೋಡೆಯ, ಬುಡದಲ್ಲಿ ಕಾರು ನಿಲ್ಲಿಸಿ ಫೋಟೊ ತೆಗೆಯುತ್ತಾರೆ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನಲ್ಲಿ ಗುಡ್ಡ ಜರಿದು ಮನೆ, ತೋಟಗಳು ಮಣ್ಣುಪಾಲಾದವು.

ಧರೆಯನ್ನು ಓದುವುದು ಕಷ್ಟವಲ್ಲ. ನೆತ್ತಿಯಲ್ಲಿ ಇಳಿಜಾರಿಗೆ ಅಡ್ಡವಾಗಿ ಬಿರುಕು ಬಿಟ್ಟಿದೆಯೇ, ಸಿಲ್ವರ್ ಓಕ್ ಮರಗಳು ಒಂದೇ ಕಡೆ ವಾಲಿವೆಯೇ, ತಡೆಗೋಡೆ ಹೊಟ್ಟೆ ಬಿಟ್ಟಿದೆಯೇ ನೋಡಬೇಕು. ತಿಳಿಯಾಗಿದ್ದ ಒರತೆ ಕೆಂಪಾಗಿ ಹರಿದರೆ ಅಥವಾ ಥಟ್ಟನೆ ನಿಂತರೆ ಆ ಜಾಗ ಬಿಟ್ಟು ಪಕ್ಕಕ್ಕೆ ಸರಿಯಬೇಕು. ಓಡುವುದಾದರೆ ಇಳಿಜಾರಿನ ಕೆಳಕ್ಕಲ್ಲ, ಅಡ್ಡಕ್ಕೆ. ಧರೆಯ ಮೇಲಿನ ಚರಂಡಿಯಲ್ಲಿ ತರಗೆಲೆ ತುಂಬಿದ್ದರೆ ನೀರು ಮಣ್ಣಿಗೆ ಇಳಿಯುತ್ತದೆ. ಆರಿದ್ರಾ ಮಳೆ ಹಿಡಿಯುವ ಮೊದಲೇ ಅದನ್ನು ಬಿಡಿಸಿರಬೇಕು.