ನಮಾಜು ಬೇರೆ, ಸರ್ಕಾರ ಬೇರೆ

ಇಸ್ಲಾಂ ಅಂದ ಕೂಡಲೇ ಕೆಲವರು ನೇರ ಖಿಲಾಫತ್, ಅಂದರೆ ಖಲೀಫರ ಧಾರ್ಮಿಕ ಆಳ್ವಿಕೆಯ ಮಾತಿಗೆ ಬಂದುಬಿಡುತ್ತಾರೆ. ಬೆಳಗಿನ ಜಾವ ಎದ್ದು, ವುಜೂ ಮಾಡಿ, ಅಂದರೆ ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆದು, ಹಣೆಯನ್ನು ನೆಲಕ್ಕೆ ಹಚ್ಚುವವನಿಗೆ ಆ ಹೊತ್ತಿನಲ್ಲಿ ಯಾವ ಸರ್ಕಾರ ಬೇಕು? ನಿಯ್ಯತ್ತು, ಅಂದರೆ ಪ್ರಾರ್ಥನೆಯ ಸಂಕಲ್ಪ, ಅವನ ಮನಸ್ಸಿನೊಳಗಿನದು. ಪೊಲೀಸರು ಬಂದು ಅದನ್ನು ತಪಾಸಣೆ ಮಾಡಲು ಆಗುವುದಿಲ್ಲ, ಅಲ್ವಾ?

ಧರ್ಮ ಬೇರೆ, ಸರ್ಕಾರ ಬೇರೆ ಅನ್ನುವುದು ಇಸ್ಲಾಮಿನ ಹೊರಗಿನವರ ವಾದ ಅಂತ ಸುಮ್ನೆ ತಳ್ಳಿಹಾಕುವವರಿಗೆ ಅಲಿ ಅಬ್ದುಲ್ ರಾಜಿಕ್ ನೆನಪಾಗುವುದಿಲ್ಲ. ಟರ್ಕಿ 1924ರಲ್ಲಿ ಖಿಲಾಫತ್ ರದ್ದು ಮಾಡಿತು. ಮರುವರ್ಷವೇ ಈಜಿಪ್ಟಿನ ಈ ಶರಿಯಾ ನ್ಯಾಯಾಧೀಶರು, ಪ್ರವಾದಿಯವರು ಬಂದದ್ದು ಸಂದೇಶ ತಲುಪಿಸಲು, ರಾಜ್ಯ ಕಟ್ಟಲು ಅಲ್ಲ ಎಂದು ಪುಸ್ತಕ ಬರೆದರು. ಕೈರೋದ ಇಸ್ಲಾಮಿ ವಿದ್ಯಾಪೀಠ ಅಲ್ ಅಜರ್, ರಾಜಿಕ್ ಅವರ ವಿದ್ವಾಂಸ ಪದವಿಯನ್ನೇ ಕಿತ್ತುಕೊಂಡಿತು. ಕೆಲಸವೂ ಹೋಯಿತು.

ನನಗೆ ಜಾಸ್ತಿ ಹಿಡಿಸುವುದು ಇಂಡೋನೇಷ್ಯಾದ ಕತೆ. ಅಲ್ಲಿ ಸಂವಿಧಾನದ ಕರಡು ಪೀಠಿಕೆಯಲ್ಲಿ ಮುಸ್ಲಿಮರು ಶರಿಯಾ ಪಾಲಿಸಬೇಕು ಎನ್ನುವ ಏಳು ಪದಗಳಿದ್ದವು. ಪೂರ್ವ ಭಾಗದ ಕ್ರೈಸ್ತರು ಒಪ್ಪುವುದಿಲ್ಲ ಅಂತ ತಿಳಿದು, 1945ರ ಆಗಸ್ಟ್ 18ರಂದು ಸ್ವಾತಂತ್ರ್ಯ ಹೋರಾಟದ ನಾಯಕ ಮೊಹಮ್ಮದ್ ಹಟ್ಟಾ ಮುಸ್ಲಿಂ ನಾಯಕರ ಜೊತೆ ಕೂತು ಮಾತಾಡಿ ಅವನ್ನು ತೆಗೆಸಿದರು. ಏಳೇ ಪದ! ಅವನ್ನು ವಾಪಸ್ ತರುವ ಪ್ರಯತ್ನ 2002ರಲ್ಲಿ ಬಿದ್ದುಹೋಯಿತು. ಬೇಡ ಅಂದವರಲ್ಲಿ ಅಲ್ಲಿನ ಎರಡು ದೊಡ್ಡ ಮುಸ್ಲಿಂ ಸಂಘಟನೆಗಳೂ ಇದ್ದವು, ನಹ್ದತುಲ್ ಉಲಮಾ ಮತ್ತು ಮುಹಮ್ಮದೀಯ.