ತೊಗರಿ ಹೊಲದ ಮೋಹಕ ಬಲೆ

ಇವತ್ತು ಸಿಂದಗಿ ಕಡೆ ಮಾವನ ತೊಗರಿ ಹೊಲಕ್ಕೆ ಹೋಗಿದ್ದೆ. ಹೂ ಬಿಟ್ಟ ಸಾಲುಗಳ ನಡುವೆ ಬಡಿಗೆಗೆ ಕಟ್ಟಿದ ಮೋಹಕ ಬಲೆ, ಅಂದರೆ ವಾಸನೆಯಿಂದ ಗಂಡು ಪತಂಗಗಳನ್ನು ಸೆಳೆದು ಹಿಡಿಯುವ ಬಲೆ. ಮೇಲೆ ಹಸಿರು ಮುಚ್ಚಳ, ಕೆಳಗೆ ಉದ್ದನೆಯ ಪ್ಲಾಸ್ಟಿಕ್ ಚೀಲ, ನಡುವೆ ಬೆರಳ ತುದಿಯಷ್ಟು ರಬ್ಬರ್ ಬಿರಡೆ. ತೊಗರಿ ಕಾಯಿ ಕೊರೆಯುವ ಹುಳ ಕಾಯಿಕೊರಕ; ಅದರ ಹೆಣ್ಣು ಪತಂಗದ ವಾಸನೆ ಈ ಬಿರಡೆಯಲ್ಲಿರುತ್ತದೆ. ನಮ್ಮ ಮೂಗಿಗೆ ಏನೂ ಗೊತ್ತಾಗುವುದಿಲ್ಲ. ಚೀಲದ ತಳದಲ್ಲಿ ಮಾತ್ರ ಗಂಡು ಪತಂಗಗಳು ರಾಶಿ ಬಿದ್ದಿದ್ದವು. ರೆಕ್ಕೆಯ ಪುಡಿ ಪ್ಲಾಸ್ಟಿಕ್‌ಗೆ ಮೆತ್ತಿಕೊಂಡಿತ್ತು.

ಕೀಟಗಳ ಇಂಥ ವಾಸನೆ ಯಾವ ರಾಸಾಯನಿಕ ಅಂತ ಮೊದಲು ಗುರುತಿಸಿದ್ದು ಜರ್ಮನಿಯ ವಿಜ್ಞಾನಿ ಅಡಾಲ್ಫ್ ಬುಟೆನಾಂಟ್ ತಂಡ, 1959ರಲ್ಲಿ. ಅದೂ ರೇಷ್ಮೆ ಪತಂಗದಿಂದ! ಸುಮಾರು 5 ಲಕ್ಷ ಪತಂಗ ಬಳಸಿ ಸಿಕ್ಕಿದ್ದು ಕೆಲವೇ ಮಿಲಿಗ್ರಾಂ. ಎಷ್ಟು ತಾಳ್ಮೆ ಬೇಕು, ಅಲ್ವಾ?

ಬಲೆಯೊಂದೇ ಹುಳದ ಕಾಟ ಮುಗಿಸುವುದಿಲ್ಲ, ನಿಜ. ಮೊಟ್ಟೆ ಇಡುವ ಹೆಣ್ಣು ಇದಕ್ಕೆ ಬೀಳುವುದಿಲ್ಲ. ಆದರೆ ಪತಂಗ ಯಾವಾಗ ಜಾಸ್ತಿಯಾಯಿತು ಅಂತ ತಿಳಿಯುತ್ತದೆ. ಸುಮ್ನೆ ವಾರಕ್ಕೊಮ್ಮೆ ಹುಳದ ಎಣ್ಣೆ (ಕೀಟನಾಶಕ) ಹೊಡೆಯುವುದು ತಪ್ಪುತ್ತದೆ. ಬೆನ್ನಿಗೆ ಪಂಪ್ ಕಟ್ಟಿಕೊಂಡು, ಮೂಗಿಗೆ ಒಂದು ಬಟ್ಟೆಯೂ ಇಲ್ಲದೆ ಹೊಡೆಯುವವರನ್ನು ನೋಡಿದಾಗೆಲ್ಲ ನನಗೆ ತುಂಬಾ ಸಂಕಟವಾಗುತ್ತದೆ. ಅವರಿಗಾಗಿಯಾದರೂ ಈ ಬಲೆ ಪ್ರತಿ ಹೊಲಕ್ಕೂ ಬರಬೇಕು. ನಿಮ್ಮ ಕಡೆ ಯಾರಾದರೂ ಹಾಕಿದ್ದಾರಾ? ಬಿರಡೆ ಎಷ್ಟು ದಿನಕ್ಕೆ ಬದಲಿಸುತ್ತೀರಿ, ಹೇಳಿ.